ಅಕ್ಷರದಿಂದ ಎದ್ದು ಬಂದ ಗೆಳೆಯರು

ಎಂಥ ಸೋಜಿಗ ನೋಡಿ! ಆ ಮನುಷ್ಯ ಯಾವ ಮಾತಿಗೆ ನಗುತ್ತಾನೆಂದು ಗೊತ್ತು. ರಾತ್ರಿ ಎಷ್ಟು ಹೊತ್ತಿನವರೆಗೆ ಎಚ್ಚರವಿರುತ್ತಾನೆ, ಅವನ ಅಮ್ಮನ ಮಂಡಿನೋವು ಈಗ ಹೇಗಿದೆ, ಎಲ್ಲವೂ ಗೊತ್ತು. ಆದರೆ ಅವನ ದನಿ ಗೊತ್ತಿಲ್ಲ. ಎತ್ತರ ಗೊತ್ತಿಲ್ಲ. ಬೆರಳುಗುರಿನಷ್ಟು ಚಿತ್ರವೊಂದನ್ನೇ ನಂಬಿಕೊಂಡು ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಕಾಯುತ್ತಾರೆ. ಬಸ್ಸಿನಿಂದ ಇಳಿದ ಇನ್ನೊಬ್ಬರು ನೇರ ಬಂದು, "ಓ, ನೀವೇಯಾ ಮಾರಾಯ್ರೆ!" ಎನ್ನುತ್ತಾರೆ. ಆ ಕ್ಷಣಕ್ಕೆ ಎರಡು ವರ್ಷದ ಅಕ್ಷರಗಳಿಗೆಲ್ಲ ಒಮ್ಮೆಲೇ ಜೀವ ಬಂದುಬಿಡುತ್ತದೆ!

ಇಂಥ ಸ್ನೇಹಗಳಿಗೆ ದಾರಿ ಮಾಡಿಕೊಟ್ಟ ಸಾಮಾಜಿಕ ಜಾಲತಾಣ ಆರ್ಕುಟ್ ಶುರುವಾದದ್ದು 2004ರ ಜನವರಿಯಲ್ಲಿ. ಗೂಗಲ್‌ನಲ್ಲಿದ್ದ ಟರ್ಕಿಯ ಎಂಜಿನಿಯರ್ ಆರ್ಕುಟ್ ಬುಯುಕ್‌ಕೊಕ್ಟೆನ್ ಅದಕ್ಕೆ ತನ್ನದೇ ಹೆಸರಿಟ್ಟ. ಮೊದಮೊದಲು ಒಳಗಿದ್ದವರು ಕರೆದರೆ ಮಾತ್ರ ಹೊಸಬರಿಗೆ ಪ್ರವೇಶ. ಮಣಿಪಾಲದ ಹಾಸ್ಟೆಲ್‌ಗಳಿಗೆ, ಗಂಟೆಗಿಷ್ಟು ಎಂದು ಹಣ ಪಡೆಯುತ್ತಿದ್ದ ಸೈಬರ್ ಕೆಫೆಗಳಿಗೆ ಅದು ಹಬ್ಬಿದಾಗ ಕರಾವಳಿಯ ಹುಡುಗ ಹುಡುಗಿಯರಿಗೆ ಹೊಸದೊಂದು ಅಂಗಳವೇ ಸಿಕ್ಕಿತು. ಮುಂಬಯಿಗೆ, ದುಬೈಗೆ ಹೋದ ಊರಿನವರೂ ಅದೇ ಅಂಗಳದಲ್ಲಿ ಕೂತಿದ್ದರು! ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಬರಬರುತ್ತ 'ಬರಹ' ತಂತ್ರಾಂಶ ಹಿಡಿದು ಕನ್ನಡದ್ದೇ ಅಕ್ಷರ. 2006ರಲ್ಲಿ ಬಂದ ಟ್ವಿಟರ್‌ನಲ್ಲಿ ಒಂದು ಮಾತಿಗೆ ಸಿಗುತ್ತಿದ್ದದ್ದು 140 ಅಕ್ಷರ. ಅದರಲ್ಲೂ ಒತ್ತು, ಗುಣಿತ ಎಲ್ಲವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಸೇರುತ್ತಿದ್ದವು. ಮೂರೇ ಅಕ್ಷರದ ಕಾರ್ಕಳ ಯಂತ್ರದ ಎಣಿಕೆಯಲ್ಲಿ ಆರು! ಇಷ್ಟು ಇಕ್ಕಟ್ಟಿನಲ್ಲೂ ಜನ ಸ್ನೇಹ ಬೆಳೆಸಿದರಲ್ಲ!

ಹಾಗೆ ಬೆಳೆದ ಸ್ನೇಹ ಒಂದು ದಿನ "ಸಿಗುವನಾ?" ಎಂದು ಕೇಳುತ್ತದೆ. ಮನೆಯವರಿಗೆ ಗಾಬರಿ. ಕಂಪ್ಯೂಟರಿನಲ್ಲಿ ಸಿಕ್ಕವರನ್ನು ನಂಬುವುದುಂಟೇ? ಅದಕ್ಕೇ ಹಗಲು ಹೊತ್ತು, ಜನರಿರುವ ಜಾಗ, ನಾಲ್ಕಾರು ಮಂದಿ ಒಟ್ಟಿಗೆ. ಈ ಷರತ್ತುಗಳಿಗೆ ಉಡುಪಿ ಜಿಲ್ಲೆಗಿಂತ ಹೊಂದುವ ಸೀಮೆ ಎಲ್ಲಿದೆ! ಉಡುಪಿ ಕೃಷ್ಣಮಠದ ರಥಬೀದಿಯಲ್ಲಿ ಒಂದು ಸುತ್ತು, ಬಿಸಿ ಗೋಳಿಬಜೆ, ಮೇಲೊಂದು ಗಡ್‌ಬಡ್ ಐಸ್‌ಕ್ರೀಮ್. ಐದಾರು ಕಿಲೋಮೀಟರ್ ಏರಿದರೆ ಮಣಿಪಾಲ, ಎಂಡ್ ಪಾಯಿಂಟ್‌ನ ಅಂಚಿನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ. ದಕ್ಷಿಣಕ್ಕೆ ಹೆದ್ದಾರಿ ಹಿಡಿದರೆ ಕಾಪು, ಕಡಲಂಚಿನ ಬಂಡೆಯ ಮೇಲೆ 1901ರ ದೀಪಸ್ತಂಭ. ಒಳನಾಡಿಗೆ ತಿರುಗಿದರೆ ಕಾರ್ಕಳ. 1432ರಿಂದ ನಿಂತೇ ಇರುವ 42 ಅಡಿಯ ಬಾಹುಬಲಿ, ಎದುರಿಗೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದಿರುವ 1586ರ ಚತುರ್ಮುಖ ಬಸದಿ. ಒಂದೇ ದಿನದಲ್ಲಿ ದೇವಸ್ಥಾನ, ಕಾಲೇಜು, ಕಡಲು, ಕಲ್ಲು!

ಅಲ್ಲಿಯೇ ನಿಜವಾದ ಪತ್ತೆ ಆಗುವುದು. ಪರದೆಯಲ್ಲಿ ಮಾತಿನಮಲ್ಲಿಯಾಗಿದ್ದವಳು ಕಾಪುವಿನ ಬಂಡೆಯ ಮೇಲೆ ಒಂದೂ ಮಾತಾಡದೆ ಅಲೆ ನೋಡುತ್ತ ಕೂರುತ್ತಾಳೆ. ಎಲ್ಲರೊಡನೆ ವಾದಕ್ಕಿಳಿಯುತ್ತಿದ್ದವನು ಬಾಹುಬಲಿ ಬೆಟ್ಟದ ಮೆಟ್ಟಿಲಲ್ಲಿ ಹಿಂದೆ ಬಿದ್ದವರಿಗಾಗಿ ನಿಂತು ಕಾಯುತ್ತಾನೆ. ಮೌನವನ್ನು, ಕಾಯುವಿಕೆಯನ್ನು ಟೈಪ್ ಮಾಡಲು ಬರುವುದಿಲ್ಲವಲ್ಲ! ಅಮೆರಿಕದ ಸಂವಹನ ಶಾಸ್ತ್ರಜ್ಞ ಜೋಸೆಫ್ ವಾಲ್ಥರ್ 1996ರಲ್ಲೇ ಬರೆದಿದ್ದರು. ಎದುರಿಗೆ ಇಲ್ಲದಾಗ ನಾವು ಮಾತನ್ನು ಆರಿಸಿ ಆಡುತ್ತೇವೆ, ಓದುವವರು ಕಾಣದ ಭಾಗವನ್ನೆಲ್ಲ ಒಳ್ಳೆಯದರಿಂದಲೇ ತುಂಬಿಕೊಳ್ಳುತ್ತಾರೆ, ಹೀಗಾಗಿ ಆನ್‌ಲೈನ್ ಆಪ್ತತೆ ಕೆಲವೊಮ್ಮೆ ಮುಖಾಮುಖಿಯನ್ನೂ ಮೀರುತ್ತದೆ ಎಂದು. ಅಂದಮೇಲೆ ಭೇಟಿಯೆಂದರೆ ಆ ಕಲ್ಪನೆಗೆ ಒಡ್ಡುವ ಪರೀಕ್ಷೆ. ಎಷ್ಟೋ ಸ್ನೇಹಗಳು ಅದರಲ್ಲಿ ಗೆದ್ದುಬರುತ್ತವೆ ಎಂಬುದೇ ನನ್ನನ್ನು ಬೆರಗುಗೊಳಿಸುವುದು!

ಕರಾವಳಿಯಲ್ಲಿ ಇನ್ನೂ ಒಂದು ಅಚ್ಚರಿ ಕಾದಿರುತ್ತದೆ. "ನಿಮಗೆ ಊರು ಎಲ್ಲಾಯ್ತು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದರ ಬೆನ್ನಿಗೇ "ಅಮ್ಮನ ಮನೆ?" ಎಂಬುದು. ಎರಡು ಪ್ರಶ್ನೆ ಮುಗಿಯುವಷ್ಟರಲ್ಲಿ, ಜಗತ್ತಿನ ಜಾಲದಲ್ಲೆಲ್ಲ ಸುತ್ತಿ ಸಿಕ್ಕ ಅಪರಿಚಿತ ಮಾವನ ಸಹಪಾಠಿಯ ಮಗನಾಗಿರುತ್ತಾನೆ! ಸರ್ವರ್ ಬೇಡದ ಈ ಹಳೆಯ ಜಾಲಕ್ಕೆ ಹೊಸ ಜಾಲ ಹೀಗೆ ಬಂದು ಕೂಡಿಕೊಳ್ಳುತ್ತದೆ.

ಕೂಡಿದರೆ ಏನೇನು ಸಾಧ್ಯ ಎಂಬುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ತುಳು ವಿಕಿಪೀಡಿಯ 2008ರಿಂದ ಪ್ರಾಯೋಗಿಕ ಹಂತದಲ್ಲೇ ನಿಂತಿತ್ತು. ವಿಕಿಪೀಡಿಯ ಸಂಪಾದಕ ಯು.ಬಿ. ಪವನಜ ಅವರಂಥವರು ಕಾರ್ಯಾಗಾರ ನಡೆಸಿದರು, ಬಳಕೆದಾರ ಹೆಸರುಗಳಾಗಿಯಷ್ಟೇ ಪರಿಚಿತರಾಗಿದ್ದವರು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕೂತು ಲೇಖನ ಬರೆದರು. 2016ರ ಫೆಬ್ರವರಿಯಲ್ಲಿ ಕನ್ನಡ ವಿಕಿಪೀಡಿಯದ 13ನೇ ವಾರ್ಷಿಕೋತ್ಸವ ನಡೆದದ್ದೂ ಮಂಗಳೂರಿನಲ್ಲೇ. ಅದೇ ವರ್ಷದ ಆಗಸ್ಟ್‌ನಲ್ಲಿ, ಚಂಡೀಗಢದ ವಿಕಿ ಸಮ್ಮೇಳನದ ಹೊತ್ತಿಗೆ, ತುಳು ವಿಕಿಪೀಡಿಯ ಜಗತ್ತಿಗೆ ತೆರೆದುಕೊಂಡಿತು. ಒಂದು ಭಾಷೆಗೆ ವಿಶ್ವಕೋಶ! ಅದೂ ಸಂಬಳವಿಲ್ಲದೆ ದುಡಿದ ಗೆಳೆಯರಿಂದ!

ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಬರೀ ಅಲ್ಲಿನ 'ಸ್ಕ್ರ್ಯಾಪ್' ಸಂದೇಶಗಳಲ್ಲಿ ಉಳಿದಿದ್ದ ಎಷ್ಟೋ ನಂಟುಗಳು ಆ ದಿನವೇ ಕೈತಪ್ಪಿದವು. ಆದರೆ ಒಮ್ಮೆಯಾದರೂ ಒಟ್ಟಿಗೆ ಬಸ್ಸು ಹತ್ತಿದವರು, ಒಂದೇ ತಟ್ಟೆಯಿಂದ ಗೋಳಿಬಜೆ ಎತ್ತಿಕೊಂಡವರು ಮಾತ್ರ ಇವತ್ತಿಗೂ ಮದುವೆಗೆ ಕರೆಯುತ್ತಾರೆ, ಕಷ್ಟಕ್ಕೆ ಓಡಿಬರುತ್ತಾರೆ. ಕಂಪನಿ ಮುಚ್ಚಿದರೂ ಮುಚ್ಚದೆ ಉಳಿದದ್ದು ಭೇಟಿಯಾದ ಸ್ನೇಹ. ನಿಮ್ಮ ಫೋನಿನಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ: ವರ್ಷಗಳಿಂದ ಮಾತಾಡುತ್ತಿರುವವರು, ಒಮ್ಮೆಯೂ ಕಾಣದವರು. ಇವತ್ತೇ ಕೇಳಿಬಿಡಿ, "ಉಡುಪಿ ಕಡೆ ಯಾವಾಗ ಬರ್ತೀರಿ?"