ಉಜ್ಜಿದರೆ ಹೋಗದ ಕರೆ

‘ಹಲ್ಲು ಉಜ್ಜೋದಿಲ್ವೇನೋ?’ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಮಕ್ಕಳು ಈ ಮಾತು ಕೇಳಿಸಿಕೊಂಡೇ ದೊಡ್ಡವರಾಗಿದ್ದಾರೆ. ಬೇವಿನಕಡ್ಡಿ, ಇದ್ದಿಲು, ಉಪ್ಪು, ಪೇಸ್ಟು, ಯಾವುದರಲ್ಲಿ ತಿಕ್ಕಿದರೂ ಮುಂದಿನ ಹಲ್ಲಿನ ಕಂದು ಕರೆ ಬಿಡುವುದಿಲ್ಲ. ಬಿಡುವುದಾದರೂ ಹೇಗೆ? ಅದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ. ಹಲ್ಲು ಇನ್ನೂ ದವಡೆಯೊಳಗೆ ಕಟ್ಟಿಕೊಳ್ಳುತ್ತಿದ್ದಾಗಲೇ ಆದ ಕಟ್ಟಡದ ದೋಷ.

ಹಲ್ಲಿನ ಹೊರಗವಚವಾದ ಎನಾಮಲ್ ನಮ್ಮ ದೇಹದ ಅತಿ ಗಟ್ಟಿ ವಸ್ತು. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಇದನ್ನು ಕಟ್ಟುವ ಅಮೆಲೊಬ್ಲಾಸ್ಟ್ ಜೀವಕೋಶಗಳದು ತಾರಸಿ ಹಾಕುವವರ ರೀತಿ. ಮೊದಲು ಪ್ರೋಟೀನಿನ ಸೆಂಟ್ರಿಂಗ್ ಕಟ್ಟಿ, ಅದರ ನಡುವೆ ಕ್ಯಾಲ್ಸಿಯಂ ಫಾಸ್ಫೇಟಿನ ತೆಳು ಹರಳುಗಳನ್ನು ನಿಲ್ಲಿಸುತ್ತವೆ. ಆಮೇಲೆ ಸೆಂಟ್ರಿಂಗನ್ನು ಕರಗಿಸಿ ಹೊರಹಾಕಿ, ತೆರವಾದ ಜಾಗಕ್ಕೂ ಖನಿಜ ತುಂಬುತ್ತವೆ. ಮೊದಲ ಹಂತದಲ್ಲಿ ಕೆಲಸ ಕೆಟ್ಟರೆ ಎನಾಮಲ್ ತೆಳುವಾಗಿ, ಕುಳಿ ಗೀರುಗಳು ಉಳಿಯುತ್ತವೆ. ಎರಡನೆಯದರಲ್ಲಿ ಕೆಟ್ಟರೆ ದಪ್ಪವೇನೋ ಸರಿಯಾಗಿಯೇ ಇರುತ್ತದೆ, ಒಳಗೆ ಮಾತ್ರ ಸೀಮೆಸುಣ್ಣದ ಹಾಗೆ ಮೆದು. ರಿಪೇರಿಯ ಮಾತೇ ಇಲ್ಲ. ಈ ಕೆಲಸಗಾರರು ನಿಂತಿರುವುದು ಗೋಡೆಯ ಹೊರಮಗ್ಗುಲಲ್ಲಿ; ಹಲ್ಲು ವಸಡು ಸೀಳಿ ಮೇಲೆ ಬರುವಷ್ಟರಲ್ಲಿ ಅವರಲ್ಲಿ ಒಬ್ಬರೂ ಉಳಿಯುವುದಿಲ್ಲ.

ವಿಶೇಷವೆಂದರೆ ಈ ದೋಷಗಳ ಮೇಲೆ ತಾರೀಕು ಬರೆದಿರುತ್ತದೆ. ಶಾಶ್ವತ ಹಲ್ಲುಗಳ ಪೈಕಿ ಮೊದಲ ದವಡೆಹಲ್ಲಿನ ಕೆಲಸ ಮಗು ಹುಟ್ಟುವ ಹೊತ್ತಿಗೆ, ನಡುವಿನ ಬಾಚಿಹಲ್ಲಿನದು ಮೂರು-ನಾಲ್ಕನೇ ತಿಂಗಳಿಗೆ ಶುರುವಾಗುತ್ತದೆ. ತುದಿಯಿಂದ ವಸಡಿನ ಕಡೆಗೆ ಕಟ್ಟುತ್ತಾ ಬಂದು, ಬಾಚಿಹಲ್ಲು ಮುಗಿಯಲು ನಾಲ್ಕೈದು ವರ್ಷ ಬೇಕು. ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಎತ್ತರಕ್ಕೆ ಅಡ್ಡಗೀರು ಕಂಡರೆ, ಆ ಭಾಗ ಕಟ್ಟುತ್ತಿದ್ದ ವಯಸ್ಸಿನಲ್ಲಿ ಮಗುವನ್ನು ಜೋರು ಜ್ವರವೋ ದಡಾರವೋ ಅರೆಹೊಟ್ಟೆಯೋ ಕಾಡಿರಬಹುದು. ಒಂದೇ ಹಲ್ಲು ಕೆಟ್ಟಿದ್ದರೆ, ಅದಕ್ಕಿಂತ ಮೊದಲು ಅಲ್ಲಿದ್ದ ಹಾಲುಹಲ್ಲಿಗೆ ಪೆಟ್ಟು ಬಿದ್ದಿತ್ತೇ, ಬೇರಲ್ಲಿ ಕೀವಾಗಿತ್ತೇ ಎಂದು ಕೇಳಬೇಕು. (‘ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ ಬಿಡಿ’ ಎನ್ನುವ ಹಿರಿಯರು ಈ ಸಾಲನ್ನು ಇನ್ನೊಮ್ಮೆ ಓದಲಿ.) ಹಾಲುಹಲ್ಲು, ಶಾಶ್ವತ ಹಲ್ಲು ಎರಡೂ ಪೂರ್ತಿ ಹಾಳಾಗಿದ್ದು, ಮನೆಯಲ್ಲಿ ಇನ್ನೊಬ್ಬರಿಗೂ ಹಾಗೇ ಇದ್ದರೆ ಅನುಮಾನ ಜೀನಿನ ಮೇಲೆ.

ಊರಿಗೆ ಊರೇ ಹಾಗಿದ್ದರೆ?

1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ದಂತವೈದ್ಯಕೀಯ ಶುರು ಮಾಡಿದ ಫ್ರೆಡರಿಕ್ ಮೆಕೇ ಕಂಡದ್ದು ಇದನ್ನೇ. ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರ ಹಲ್ಲು ಕಂದು. ಹಂದಿಮಾಂಸ ಹೆಚ್ಚಾಯಿತು, ಹಾಲು ಚೆನ್ನಾಗಿಲ್ಲ ಎಂದೆಲ್ಲ ಊರವರ ಸಮಜಾಯಿಷಿ. ಆದರೆ ದೊಡ್ಡವರಾದ ಮೇಲೆ ಆ ಊರಿಗೆ ಬಂದು ನೆಲೆಸಿದವರಿಗೆ ಕರೆ ಹಿಡಿಯುತ್ತಿರಲಿಲ್ಲ. 1923ರಲ್ಲಿ ಐಡಾಹೊ ರಾಜ್ಯದ ಓಕ್ಲಿಗೆ ಹೋದಾಗ, ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಹಾಕಿಸಿದ ಮೇಲೆಯೇ ಮಕ್ಕಳ ಹಲ್ಲು ಹೀಗಾದದ್ದು ಎಂದು ತಾಯ್ತಂದೆಯರು ಹೇಳಿದರು. ನೀರಿನ ಪರೀಕ್ಷೆಯಲ್ಲಿ ಸಂಶಯಪಡುವಂಥದ್ದೇನೂ ಸಿಗಲಿಲ್ಲ. ಆದರೂ ಆ ನೀರು ಬಿಡಿ ಎಂದ ಮೆಕೇ. ಕೆಲವೇ ವರ್ಷಗಳಲ್ಲಿ ಕಿರಿಯ ಮಕ್ಕಳ ಹೊಸ ಹಲ್ಲು ಬೆಳ್ಳಗೆ ಮೂಡಿದವು. ಕಾರಣ ಗೊತ್ತಿಲ್ಲದೆಯೂ ಕೊಟ್ಟ ಸರಿಯಾದ ಸಲಹೆ ಅದು. ವಿಜ್ಞಾನದಲ್ಲಿ ಇಂಥ ಧೈರ್ಯ ಅಪರೂಪವೆಂದೇ ನನ್ನ ಲೆಕ್ಕ. ಕಾರಣ ಸಿಕ್ಕಿದ್ದು 1931ರಲ್ಲಿ. ಬಾಕ್ಸೈಟ್ ಎಂಬ ಗಣಿ ಊರಿನಲ್ಲೂ ಇದೇ ಕರೆ ಇತ್ತು. ಅಲ್ಲಿನ ನೀರನ್ನು ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್!

ಅಲ್ಪಸ್ವಲ್ಪ ಫ್ಲೋರೈಡ್ ಹಲ್ಲಿನ ಹುಳುಕು ತಡೆಯುತ್ತದೆ. ಅತಿಯಾದರೆ ಸೆಂಟ್ರಿಂಗ್ ಬಿಚ್ಚುವ ಕೆಲಸವೇ ತಡವಾಗುತ್ತದೆ. ಪ್ರೋಟೀನ್ ಒಳಗೇ ಉಳಿದು ಎನಾಮಲ್ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅಂಥ ಹಲ್ಲು ಹುಟ್ಟುವಾಗ ಸುಣ್ಣದ ಬಿಳುಪು. ಬಾಯಿಗೆ ಬಂದ ಮೇಲೆ ಆ ರಂಧ್ರಗಳು ಬಣ್ಣ ಹೀರಿ ಕಂದಾಗುತ್ತವೆ.

ಪಾವಗಡದ ನೆಲದಡಿ ಇರುವುದು ಗ್ರಾನೈಟಿನಂಥ ಬಂಡೆ. ಅದರ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಬಂಡೆಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ತೆರೆದ ಬಾವಿಗಳು ಬತ್ತಿ, ಬೋರ್‌ವೆಲ್ ಆಳಕ್ಕಿಳಿದಂತೆ ನಾವು ಆ ನೀರನ್ನೇ ಎತ್ತಿ ಕುಡಿದೆವು. ನಮ್ಮ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ರಿಯಾಯಿತಿ.

ಕಾಯಿಸಿ ಆರಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ. ಮನೆಯಲ್ಲಿ ಎಂಟು ವರ್ಷದೊಳಗಿನ ಮಗುವಿದ್ದರೆ, ಕುಡಿಯುವುದು ಬೋರ್‌ವೆಲ್ ನೀರಾಗಿದ್ದರೆ, ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡಿ. ಹಲ್ಲುಜ್ಜುವ ವಿಷಯಕ್ಕೆ ಮಗುವನ್ನು ಬೈಯುವುದಿದ್ದರೆ ವರದಿ ಬಂದ ಮೇಲೆ ಬೈಯಿರಿ.