ಸರೋವರ ಯಾರ ಸೊತ್ತು?

ಸರೋವರದ ಬಳಿ ಮನೆಯಿರಬೇಕೆಂದು ಯಾರಿಗೆ ಆಸೆಯಿಲ್ಲ? ಅದೆಲ್ಲ ಹಣವಂತರ ಭಾಗ್ಯ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಬಾಡಿಗೆ ಮನೆಯ ದುಡಿಮೆಗಾರನ ಮಕ್ಕಳೂ ನಡೆದೇ ಸರೋವರಕ್ಕೆ ಹೋಗುವ ಬಡಾವಣೆಯೊಂದಿದೆ. ಅದರ ಕಥೆ ಕೇಳಿ.

ಫಿನ್ಲೆಂಡಿನಲ್ಲಿ ತಂಪೆರೆ ಎಂಬ ನಗರವಿದೆ. ಹೆಸರಿಗೆ ತಕ್ಕಂತೆ ಊರೂ ತಂಪು! ಅದರ ದಕ್ಷಿಣದ ಅಂಚಿನಲ್ಲಿ, ಕಾಡಿನ ನಡುವೆ ಇರುವುದೇ ಹೆರ್ವಂತ. ಅಲ್ಲಿ ಸುಮಾರು 25,000 ಮಂದಿ ವಾಸಿಸುತ್ತಾರೆ. 1960-70ರ ದಶಕಗಳಲ್ಲಿ ಹಳ್ಳಿ ಬಿಟ್ಟು ನಗರ ಸೇರಿದ ಕುಟುಂಬಗಳಿಗೆ ಮನೆ ಬೇಕಾಗಿತ್ತು. ಹಾಗಾಗಿ ಕಾಡಿನಲ್ಲಿ ಕಾಂಕ್ರೀಟಿನ ಬಹುಮಹಡಿ ಕಟ್ಟಡಗಳು ಎದ್ದವು. ಅವನ್ನು ಕಂಡು ಮೂಗು ಮುರಿದವರೂ ಇದ್ದರು. ಆದರೆ ವಾಸ್ತುಶಿಲ್ಪಿ ದಂಪತಿಗಳಾದ ರೈಲಿ ಮತ್ತು ರೇಯ್ಮಾ ಪಿಯೆತಿಲಾ ಕೆಂಪು ಇಟ್ಟಿಗೆಯಲ್ಲಿ ರೂಪಿಸಿದ ಕೇಂದ್ರ 1979ರಲ್ಲಿ ಸಿದ್ಧವಾದಾಗ ಅಂಗಡಿ, ಗ್ರಂಥಾಲಯಗಳೆಲ್ಲ ಮನೆಗಳ ಹತ್ತಿರಕ್ಕೇ ಬಂದವು.

ಎಲ್ಲಕ್ಕಿಂತ ಮುಖ್ಯವಾಗಿ, ಕಾಡು ಮತ್ತು ನೀರು ಉಳಿದವು. ಫಿನ್ನಿಷ್ ಭಾಷೆಯಲ್ಲಿ 'ಯಾರ್ವಿ' ಎಂದರೆ ಸರೋವರ. ಬಡಾವಣೆಯ ಒಂದು ಕಡೆ ಸುವೊಲಿಯಾರ್ವಿ, ಇನ್ನೊಂದು ಕಡೆ ಹೆರ್ವಂತಯಾರ್ವಿ. ಎರಡರಲ್ಲೂ ಸಾರ್ವಜನಿಕ ಈಜುದಡಗಳಿವೆ. 2021ರ ಆಗಸ್ಟ್‌ನಿಂದ ನಗರದ ಟ್ರಾಮ್ ಕೂಡಾ ಹೆರ್ವಂತಕ್ಕೆ ಬರುತ್ತಿದೆ.

ಇದರ ಹಿಂದೆ ಒಂದು ಹಳೆಯ ರೂಢಿಯಿದೆ. ಅದನ್ನು ಅವರು 'ಎಲ್ಲರ ಹಕ್ಕು' ಎನ್ನುತ್ತಾರೆ. ಕಾಡು ಯಾರದೇ ಇರಲಿ, ಅಲ್ಲಿ ನಡೆಯಲು, ಸರೋವರದಲ್ಲಿ ಈಜಲು, ಕಾಡುಹಣ್ಣು ಮತ್ತು ಅಣಬೆ ಕೊಯ್ಯಲು ಯಾರ ಅನುಮತಿಯೂ ಬೇಕಿಲ್ಲ. ನಿನ್ನೆ ಮೊನ್ನೆ ಬಂದ ವಿದೇಶೀಯರಿಗೂ ಈ ಹಕ್ಕಿದೆ. ಹಾಗೆಂದು ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. ಯಾರದೋ ಮನೆಯಂಗಳಕ್ಕೆ ನುಗ್ಗಬಾರದು, ಮರ ಕಡಿಯಬಾರದು, ಮಾಲಕರನ್ನು ಕೇಳದೆ ಬೆಂಕಿ ಹಚ್ಚಬಾರದು, ಕಸ ಬಿಸಾಡಬಾರದು.

ಈ ಹಕ್ಕಿನ ಬೆಲೆ ಗೊತ್ತಾಗುವುದು ಪುಟ್ಟ ಫ್ಲಾಟಿನಲ್ಲಿ ಮಗುವಿನೊಂದಿಗೆ ದಿನ ಕಳೆಯುವ ತಾಯಿಗೆ. ಹೆರ್ವಂತದಲ್ಲಿ ಬೇರೆ ದೇಶಗಳಿಂದ ಬಂದ ಕುಟುಂಬಗಳು ಅನೇಕ. ಭಾಷೆ ಬಾರದು, ಬಂಧುಗಳಿಲ್ಲ. ಡಿಸೆಂಬರಿನಲ್ಲಿ ಹಗಲು ಐದೂವರೆ ಗಂಟೆಯೂ ಇರುವುದಿಲ್ಲ. ನಾಲ್ಕು ಗೋಡೆಗಳ ನಡುವೆ ಉಸಿರು ಕಟ್ಟದಿರುತ್ತದೆಯೇ? ಅಂತಹ ತಾಯಿಗೆ ಟಿಕೆಟಿಲ್ಲದೆ, ಯಾರ ಮುಖವನ್ನೂ ನೋಡದೆ ಹೋಗಿ ಬರಲು ಒಂದು ಜಾಗವಿರುವುದು ಸಣ್ಣ ಮಾತಲ್ಲ. ಜೂನ್‌ನಲ್ಲಿ ಹಗಲು ಹತ್ತೊಂಬತ್ತು ಗಂಟೆಗೂ ಹೆಚ್ಚು! ರಾತ್ರಿಯೂಟದ ನಂತರವೂ ಮಕ್ಕಳು ನೀರಿನಲ್ಲಿ ಆಡುತ್ತಾರೆ. ಬೇಸಿಗೆಯ ಕೊನೆಗೆ ಬುಟ್ಟಿ ಹಿಡಿದು ಕಾಡಿಗೆ ಹೋದರೆ ವರ್ಷಕ್ಕಾಗುವಷ್ಟು ಬ್ಲೂಬೆರಿ ಫ್ರಿಜ್ಜಿಗೆ ಸೇರುತ್ತದೆ.

ಚಳಿಗಾಲದಲ್ಲಿ ಸರೋವರವೇ ಮೈದಾನವಾಗುತ್ತದೆ. ಆದರೆ ಅವಸರ ಸಲ್ಲದು. ಒಬ್ಬರು ನಡೆಯಬೇಕಾದರೂ ಕನಿಷ್ಠ 5 ಸೆಂ.ಮೀ. ಗಟ್ಟಿ ಮಂಜುಗಡ್ಡೆಯಿರಬೇಕು ಎಂದು ಅಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಸುವೊಲಿಯಾರ್ವಿಯ ದಡದ ಸೌನಾದಲ್ಲಿ, ಅಂದರೆ ಬಿಸಿ ಹಬೆಯ ಕೋಣೆಯಲ್ಲಿ ಮೈ ಕಾಯಿಸಿ, ಮಂಜುಗಡ್ಡೆಯ ನಡುವಿನ ತಣ್ಣೀರಿನಲ್ಲಿ ಮುಳುಗೇಳುವ ಗಟ್ಟಿಗರೂ ಇದ್ದಾರೆ!

ಫಿನ್ಲೆಂಡಿನಲ್ಲಿ ಸಣ್ಣದು ದೊಡ್ಡದು ಸೇರಿ ಸುಮಾರು 1,88,000 ಸರೋವರಗಳಿವೆ. ನೀರು ಧಾರಾಳವಾಗಿರುವಲ್ಲಿ ಹಂಚಿಕೊಳ್ಳುವುದು ಸುಲಭ ಎಂದು ನೀವು ಹೇಳಬಹುದು. ಆದರೆ ನೀರು ಎಷ್ಟೇ ಇರಲಿ, ದಡಕ್ಕೆಲ್ಲ ಬೇಲಿ ಬಿದ್ದರೆ ಬಡವನ ಮಗುವಿಗೆ ಏನು ಸಿಕ್ಕೀತು? ಹೆರ್ವಂತದ ಮಕ್ಕಳ ಮನೆ ಚಿಕ್ಕದಿರಬಹುದು, ಅಂಗಳ ಮಾತ್ರ ಸರೋವರದವರೆಗೂ ಇದೆ.