ತುತ್ತಿಗೊಂದು ಕಾರ್ಟೂನ್

ಸಂಜೆ ಏಳೂವರೆ. ಮೂರು ವರ್ಷದ ಮಗು ಟೀವಿ ಎದುರು ಪುಟ್ಟ ಕುರ್ಚಿಯಲ್ಲಿ ಕೂತಿದೆ. ಅಜ್ಜಿಯ ಕೈಲಿ ಬಟ್ಟಲು. ಅದರಲ್ಲಿ ಅನ್ನ, ತಿಳಿಸಾರು, ಮೇಲೊಂದಿಷ್ಟು ತುಪ್ಪ. ಕಲಸಿದ ತುತ್ತು ಹತ್ತಿರ ಬಂದಾಗೆಲ್ಲ ಮಗುವಿನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಕಣ್ಣು ಮಾತ್ರ ಪರದೆ ಬಿಟ್ಟು ಕದಲುವುದಿಲ್ಲ. ಜಾಹೀರಾತು ಬಂದರೆ ತುತ್ತು ದವಡೆಯಲ್ಲೇ ನಿಲ್ಲುತ್ತದೆ. "ನುಂಗು ಕಂದ, ನುಂಗು, ಇನ್ನೆರಡೇ ತುತ್ತು." ಕಾರ್ಟೂನ್ ಮತ್ತೆ ಶುರುವಾದ ಮೇಲೆಯೇ ಅನ್ನ ಗಂಟಲಿಗಿಳಿಯುವುದು. ಬಟ್ಟಲು ಬರಿದಾಗುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ. ಏನು ಊಟ ಮಾಡಿದೆ ಪುಟ್ಟಾ ಎಂದು ಕೇಳಿದರೆ ಮಗುವಿಗೆ ನೆನಪಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಹಾವೇರಿಯ ಹೆಂಚಿನ ಮನೆಯಲ್ಲೂ ಈ ದೃಶ್ಯಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಇದರಲ್ಲಿ ತಪ್ಪಿತಸ್ಥರು ಯಾರೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅಜ್ಜಿಗೆ ಮೊಮ್ಮಗು ಹೊಟ್ಟೆ ತುಂಬ ಉಂಡರೆ ಸಾಕು. ಕೆಲಸದಿಂದ ಬಂದ ತಾಯಿಗೆ ನಾಳೆಯ ಡಬ್ಬಿಯ ತಯಾರಿಗೆ ಅರ್ಧ ಗಂಟೆ ಬೇಕು. ತಂದೆ ಇನ್ನೂ ಬಸ್ಸಿನಲ್ಲಿದ್ದಾನೆ. ಟೀವಿ ಕೈಗೆ ಸಿಕ್ಕ ಸಹಾಯ. ಹೀಗಿರುವಾಗ ಹೆತ್ತವರನ್ನು ಗದರುವ ಉಪದೇಶದಿಂದ ಏನೂ ಆಗದು. ಮಗುವನ್ನು ಗದರಿದರಂತೂ ಇನ್ನೂ ಆಗದು.

ಕರ್ನಾಟಕದ ಹಳ್ಳಿಯ ಮಕ್ಕಳು ಮೊದಮೊದಲು ಟೀವಿ ನೋಡಿದ ಬಗೆಯೇ ಬೇರೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಮ್ಮ ದೇಶದಲ್ಲಿ 'ಸೈಟ್' ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ತಲುಪಿಸಿದರು. ಆ ಆರರಲ್ಲಿ ಕರ್ನಾಟಕವೂ ಒಂದು. ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿಗಳಿಗೆ ಪೆಟ್ಟಿಗೆ ಬಂತು. ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಗ್ಗೆ ಶಾಲಾ ಮಕ್ಕಳಿಗೆಂದೇ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ. ಅದು ಮುಗಿದರೆ ಬೆಳಗಿನ ಟೀವಿ ಮುಗಿಯಿತು.

ಆ ಕಾಲ ಮರಳಿ ಬರಲಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಅಂದಿನ ಏರ್ಪಾಟಿನಲ್ಲಿ ಮೂರು ಸಂಗತಿಗಳು ತಾವಾಗಿಯೇ ಕೂಡಿಬಂದಿದ್ದವು: ಶುರುವಾಗುವ ಮತ್ತು ಮುಗಿಯುವ ಹೊತ್ತು ಗೊತ್ತಿತ್ತು, ಜೊತೆಗೆ ನೋಡುವವರಿದ್ದರು, ನೋಡಿದ್ದನ್ನು ಮಾತಾಡಿಕೊಳ್ಳಲು ಊರಿತ್ತು. ಇವತ್ತಿನ ಮನೆಯಲ್ಲಿ ಈ ಮೂರನ್ನೂ ದೊಡ್ಡವರು ಕೂತು ಏರ್ಪಡಿಸಬೇಕಾಗಿದೆ. ಟೀವಿಯ ವಿಷಯದಲ್ಲಿ ಸಕಾರಾತ್ಮಕ ಪಾಲನೆ ಎಂದರೆ ಬಹುಪಾಲು ಇಷ್ಟೇ.

ಜೊತೆಗೆ ಒಬ್ಬರಿರುವುದು ಯಾಕೆ ಅಷ್ಟು ಮುಖ್ಯ? ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ನಡೆಸಿದ, 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಚೆನ್ನಾಗಿ ಉತ್ತರ ಕೊಡುತ್ತದೆ. ಅವರು ಆರಿಸಿಕೊಂಡದ್ದು ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಒಂಬತ್ತು ತಿಂಗಳ ಕೂಸುಗಳನ್ನು. ಚೀನೀ ಭಾಷೆಯ ಹಿರಿಯರೊಬ್ಬರು ನೆಲದ ಮೇಲೆ ಕೂಸಿನ ಎದುರು ಕೂತು, ಆಟಿಕೆ ತೋರಿಸುತ್ತ, ಪುಸ್ತಕ ಓದುತ್ತ ತಮ್ಮ ಭಾಷೆಯಲ್ಲೇ ಮಾತಾಡಿದರು. ಒಂದು ಸಲಕ್ಕೆ ಇಪ್ಪತ್ತೈದು ನಿಮಿಷದಂತೆ ಹನ್ನೆರಡು ಸಲ. ಅಷ್ಟಕ್ಕೇ ಆ ಮಕ್ಕಳು ಚೀನೀ ಭಾಷೆಯ ಸೂಕ್ಷ್ಮ ಧ್ವನಿ ವ್ಯತ್ಯಾಸಗಳನ್ನು ತೈವಾನಿನಲ್ಲಿ ಹುಟ್ಟಿ ಬೆಳೆದ ಮಕ್ಕಳಷ್ಟೇ ಚೆನ್ನಾಗಿ ಗುರುತಿಸತೊಡಗಿದರು. ಇನ್ನೊಂದು ಗುಂಪಿನ ಮಕ್ಕಳಿಗೆ ಅದೇ ಜನ, ಅದೇ ಆಟಿಕೆ, ಅದೇ ಮಾತು. ಆದರೆ ಎಲ್ಲವೂ ಟೀವಿ ಪರದೆಯ ಮೇಲೆ. ಆ ಮಕ್ಕಳು ಕಣ್ಣರಳಿಸಿ ನೋಡಿದರು, ಕಲಿತದ್ದು ಮಾತ್ರ ಏನೂ ಇಲ್ಲ. ಚೀನೀ ಮಾತನ್ನು ಕೇಳಿಯೇ ಇರದ ಮಕ್ಕಳಿಗೂ ಅವರಿಗೂ ಪರೀಕ್ಷೆಯಲ್ಲಿ ಅಂತರ ಕಾಣಲಿಲ್ಲ.

ಕೂಸು ಕಲಿಯುವುದು ತನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುವ, ತಾನು 'ಊಂ' ಎಂದರೆ ತಿರುಗಿ 'ಊಂ' ಎನ್ನುವ ಮನುಷ್ಯರಿಂದ. ಪರದೆ ಎಷ್ಟೇ ಬಣ್ಣದ್ದಾದರೂ ಹಾಗೆ ಓಗೊಡಲಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಕೂತು ಪರದೆ ನೋಡುವುದು ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಹೆಚ್ಚೂಕಡಿಮೆ ಇದನ್ನೇ ಹೇಳುತ್ತದೆ. ದೂರದ ಊರಿನ ಅಜ್ಜ ಅಜ್ಜಿಯ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೋ ಕಾಲ್‌ಗೆ ಮಾತ್ರ ಅದು ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿಗೆ ಅರ್ಥವಿದೆ, ಯಾಕೆಂದರೆ ಅಲ್ಲಿ ಓಗೊಡುವ ಮನುಷ್ಯರಿದ್ದಾರೆ.

"ನಮ್ಮ ಮಗು ಟೀವಿ ನೋಡುವುದೇ ಇಲ್ಲ, ತನ್ನ ಪಾಡಿಗೆ ಆಡಿಕೊಂಡಿರುತ್ತೆ. ಟೀವಿ ಸುಮ್ಮನೆ ಓಡ್ತಾ ಇರುತ್ತೆ ಅಷ್ಟೆ" ಎನ್ನುವ ಮನೆಗಳಿವೆ. ಸುಮ್ಮನೆ ಓಡುವ ಟೀವಿಗೂ ಬೆಲೆ ತೆರಬೇಕಾಗುತ್ತದೆ. ಒಂದು, ಎರಡು, ಮೂರು ವರ್ಷದ 50 ಮಕ್ಕಳನ್ನು ಆಟಿಕೆಗಳ ನಡುವೆ ಬಿಟ್ಟು, ಅರ್ಧ ಹೊತ್ತು ದೊಡ್ಡವರ ಕ್ವಿಜ್ ಕಾರ್ಯಕ್ರಮವೊಂದನ್ನು ಹಾಕಿಟ್ಟು ಅಮೆರಿಕದ ಸಂಶೋಧಕರು ಗಮನಿಸಿದ್ದರು. 2008ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮಕ್ಕಳು ಪರದೆಯತ್ತ ಕಣ್ಣು ಹಾಯಿಸಿದ್ದು ಕೆಲವೇ ಕ್ಷಣ. ಆದರೂ ಅವರ ಆಟ ತುಂಡುತುಂಡಾಯಿತು, ಒಂದು ಆಟಿಕೆಯ ಮೇಲೆ ಮನಸ್ಸಿಟ್ಟು ಆಡುವ ಹೊತ್ತು ಕುಗ್ಗಿತು. ಮರುವರ್ಷ ಬಂದ ಇನ್ನೊಂದು ಅಧ್ಯಯನ, ಹಿನ್ನೆಲೆಯಲ್ಲಿ ಟೀವಿ ಇದ್ದರೆ ತಂದೆ ತಾಯಿ ಮಗುವಿನ ಜೊತೆ ಆಡುವ ಮಾತೇ ಕಡಿಮೆಯಾಗುತ್ತದೆ ಎಂದು ತೋರಿಸಿತು.

ಈ ಮಾತು ನೇರವಾಗಿ ನಮ್ಮ ಸಂಜೆಯ ಧಾರಾವಾಹಿಗಳಿಗೆ ಬಂದು ತಗಲುತ್ತದೆ. ದೀಪ ಹಚ್ಚಿದ ಮೇಲೆ ಮಲಗುವ ತನಕ ಒಂದರ ಹಿಂದೆ ಒಂದು ಧಾರಾವಾಹಿ ಓಡುವ ಮನೆಯಲ್ಲಿ ಮಗುವಿಗೆ ಮಾತ್ರ 'ನೀನು ನೋಡಬೇಡ, ಓದಿಕೋ' ಎಂದರೆ ಅದು ಒಪ್ಪುವುದಾದರೂ ಹೇಗೆ? ಹಾಗೆಂದು ದಿನವೆಲ್ಲ ಮೊಮ್ಮಗುವನ್ನು ನೋಡಿಕೊಂಡು ದಣಿದ ಹಿರಿಯರ ಒಂದು ಸಂತೋಷವನ್ನು ಕಿತ್ತುಕೊಳ್ಳುವುದೂ ನ್ಯಾಯವಲ್ಲ. ಕೆಲವು ಮನೆಗಳಲ್ಲಿ ಸೊಸೆಯರು ಇದನ್ನು ಮೃದುವಾಗಿ ದಾಟಿಸುತ್ತಾರೆ. "ಅತ್ತೆ, ನಿಮಗೆ ಬೇಕಾದ ಎರಡು ಧಾರಾವಾಹಿ ಯಾವುದು ಹೇಳಿ, ಅಷ್ಟು ಹೊತ್ತು ಮಗು ನನ್ನ ಜೊತೆ ಒಳಗಿರುತ್ತೆ. ಮಿಕ್ಕಿದ್ದನ್ನು ನಾಳೆ ಮಧ್ಯಾಹ್ನದ ಮರುಪ್ರಸಾರದಲ್ಲಿ ನೋಡಿದರಾಯ್ತು." ಜಗಳವಿಲ್ಲದೆ ಮನೆಯ ಟೀವಿ ಎರಡು ಗಂಟೆ ಮುಂಚೆ ಆರುತ್ತದೆ. ಯಾರೂ ನೋಡದಿದ್ದಾಗ ಟೀವಿ ಆರಿರಬೇಕು ಎಂಬ ಒಂದೇ ನಿಯಮದಿಂದ ಶುರು ಮಾಡಿದರೂ ಮನೆಯ ಸದ್ದು ಬದಲಾಗುತ್ತದೆ.

ಸಕಾರಾತ್ಮಕ ಪಾಲನೆ ಎಂಬ ಮಾತನ್ನು ಕೇಳಿದ ಕೂಡಲೇ ಮಗು ಕೇಳಿದ್ದನ್ನೆಲ್ಲ ಕೊಡುವುದು ಎಂದು ಅನೇಕರು ತಿಳಿಯುತ್ತಾರೆ. ಅದು ಪೂರ್ತಿ ತಪ್ಪು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡಯಾನಾ ಬೌಮ್ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ ಶಿಶುವಿಹಾರದ ಮಕ್ಕಳನ್ನೂ ಅವರ ತಂದೆ ತಾಯಿಯರನ್ನೂ ಗಮನಿಸಿ ಮೂರು ಬಗೆಯ ಪಾಲನೆಯನ್ನು ಗುರುತಿಸಿದರು. ಒಂದು, ಕಾರಣ ಹೇಳದೆ ಅಪ್ಪಣೆ ಕೊಡುವುದು. ಇನ್ನೊಂದು, ಯಾವ ಕಟ್ಟೂ ಇಲ್ಲದೆ ಬಿಟ್ಟುಬಿಡುವುದು. ಮೂರನೆಯದು, ಅಕ್ಕರೆಯಿಂದ ಮಾತಾಡಿಸಿ, ಕಾರಣ ವಿವರಿಸಿ, ಹಾಕಿದ ಗೆರೆಯನ್ನು ಮಾತ್ರ ಸಡಿಲಿಸದೆ ಇರುವುದು. ಈ ಮೂರನೆಯ ಬಗೆಯ ಮನೆಗಳ ಮಕ್ಕಳೇ ಹೆಚ್ಚು ಸ್ವಾವಲಂಬಿಗಳಾಗಿಯೂ ಸಂಯಮಿಗಳಾಗಿಯೂ ಕಂಡರು. ಇಂದಿನ ಸಕಾರಾತ್ಮಕ ಪಾಲನೆಯ ತರಬೇತಿಗಳು ಬಹುತೇಕ ಈ ಮೂರನೆಯ ದಾರಿಯವೇ.

ಆ ಗೆರೆಯ ನಿಜವಾದ ಪರೀಕ್ಷೆ ಟೀವಿ ಆರಿಸುವ ಗಳಿಗೆಯಲ್ಲಿ. ಮಗು ಕೈಕಾಲು ಬಡಿದು ಅಳುತ್ತದೆ. ಮೊದಲ ದಿನ ಅಮ್ಮ ಗಟ್ಟಿ ನಿಲ್ಲುತ್ತಾಳೆ, ಎರಡನೆಯ ದಿನವೂ ನಿಲ್ಲುತ್ತಾಳೆ. ಮೂರನೆಯ ದಿನ ಮನೆಗೆ ನೆಂಟರು ಬಂದಿದ್ದಾರೆ, ತಲೆನೋವು ಬೇರೆ. "ಹೋಗಲಿ, ಇವತ್ತೊಂದು ದಿನ ನೋಡಿಕೋ" ಎನ್ನುತ್ತಾಳೆ. ಮಗು ಕಲಿಯುವ ಪಾಠ ಒಂದೇ: ಸಾಕಷ್ಟು ಹೊತ್ತು ಅತ್ತರೆ ಸಿಗುತ್ತದೆ. ಒಮ್ಮೊಮ್ಮೆ ಮಾತ್ರ ಫಲ ಸಿಗುವ ನಡವಳಿಕೆ ಪ್ರತಿ ಸಲ ಫಲ ಸಿಗುವುದಕ್ಕಿಂತ ಗಟ್ಟಿಯಾಗಿ ಬೇರೂರುತ್ತದೆ ಎಂಬುದು ಮನಶ್ಶಾಸ್ತ್ರದ ಹಳೆಯ ತಿಳಿವಳಿಕೆ. ಆದ್ದರಿಂದ ಪಾಲಿಸಲಾಗದ ಹತ್ತು ನಿಯಮಗಳ ಬದಲು ಪಾಲಿಸಬಹುದಾದ ಎರಡು ಇದ್ದರೆ ಸಾಕು.

ಆರಿಸುವ ಹೊತ್ತಿನ ಬಗ್ಗೆ ಅಚ್ಚರಿಯ ಸಂಗತಿಯೊಂದಿದೆ. "ಇನ್ನೆರಡು ನಿಮಿಷ ಅಷ್ಟೆ" ಎಂದು ಮೊದಲೇ ಎಚ್ಚರಿಸಿದರೆ ಮಗು ಸಲೀಸಾಗಿ ಒಪ್ಪುತ್ತದೆ ಎಂದು ಎಲ್ಲರೂ ನಂಬಿದ್ದೇವೆ. ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇನ್ನೊಂದು ತಂಡ 2016ರಲ್ಲಿ ಪುಟ್ಟ ಮಕ್ಕಳಿರುವ ಕುಟುಂಬಗಳಿಂದ ದಿನಚರಿ ಬರೆಸಿ ನೋಡಿದಾಗ, ಎರಡು ನಿಮಿಷದ ಎಚ್ಚರಿಕೆ ಕೊಟ್ಟ ಸಂದರ್ಭಗಳಲ್ಲೇ ರಂಪ ಹೆಚ್ಚಾಗಿತ್ತು! ಕಾರ್ಯಕ್ರಮ ತಾನಾಗಿ ಮುಗಿದಾಗ, ಅಥವಾ ಟೀವಿ ಆದ ಮೇಲೆ ಸ್ನಾನ ಎಂಬಂಥ ದಿನನಿತ್ಯದ ಕ್ರಮ ಇದ್ದಾಗ ಮಕ್ಕಳು ಹೆಚ್ಚು ಸಮಾಧಾನದಿಂದ ಎದ್ದಿದ್ದರು. ನೋಡಿದ ಕುಟುಂಬಗಳು ಕೆಲವೇ ಆದರೂ ಇದರಿಂದ ಮನೆಗೆ ಉಪಯೋಗವಿದೆ. 'ಅರ್ಧ ಗಂಟೆ' ಎಂಬುದು ಮೂರು ವರ್ಷದ ಮಗುವಿಗೆ ಅರ್ಥವಾಗದ ಲೆಕ್ಕ, 'ಒಂದು ಕಥೆ' ಅರ್ಥವಾಗುತ್ತದೆ. ಕಥೆ ಮುಗಿಯುವುದನ್ನು ಕಾದು, ಗುಂಡಿಯನ್ನು ಮಗುವಿನ ಕೈಯಿಂದಲೇ ಒತ್ತಿಸಿ, "ಹೇಳಿದ ಹಾಗೆ ನೀನೇ ಆರಿಸಿದೆಯಲ್ಲ!" ಎಂದು ಬೆನ್ನು ತಟ್ಟಿದರೆ ನಾಳೆಯ ದಾರಿ ಸುಲಭ. ಯೂಟ್ಯೂಬ್‌ನಲ್ಲಿ ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇಯನ್ನು ಮಾತ್ರ ಇವತ್ತೇ ನಿಲ್ಲಿಸಬೇಕು. ಅಲ್ಲಿ ಕಥೆಗೆ ಕೊನೆಯೇ ಇಲ್ಲ.

ಶಾಲೆಗೆ ಹೋಗುವ ಮಕ್ಕಳಿಗೆ ಬೇರೆ ಬಗೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಥಾಮಸ್ ರಾಬಿನ್ಸನ್ ಎಂಬ ಮಕ್ಕಳ ವೈದ್ಯರು ಸ್ಯಾನ್ ಹೋಸೆ ಊರಿನ ಒಂದು ಶಾಲೆಯ ಮೂರು, ನಾಲ್ಕನೇ ತರಗತಿಯ ಮಕ್ಕಳಿಗೆ ಆರು ತಿಂಗಳು ಪಾಠ ಮಾಡಿಸಿದರು. ಮೊದಲು ಹತ್ತು ದಿನ ಟೀವಿಯೇ ಇಲ್ಲ. ಆಮೇಲೆ ವಾರಕ್ಕೆ ಏಳು ಗಂಟೆಯ ಬಜೆಟ್ಟು. ಯಾವ ದಿನ ಎಷ್ಟು, ಯಾವುದನ್ನು ಎಂಬ ಆಯ್ಕೆ ಮಗುವಿನದು. 1999ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಇನ್ನೊಂದು ಶಾಲೆಗೆ ಹೋಲಿಸಿದರೆ ಈ ಮಕ್ಕಳ ಟೀವಿ ಸಮಯ ಇಳಿದಿತ್ತು, ಟೀವಿ ಮುಂದೆ ಉಣ್ಣುವುದು ಕಡಿಮೆಯಾಗಿತ್ತು, ಎತ್ತರಕ್ಕೆ ಮೀರಿ ತೂಕ ಏರುವುದೂ ತಗ್ಗಿತ್ತು. ವ್ಯಾಯಾಮ ಹೇಳಿಕೊಟ್ಟಿರಲಿಲ್ಲ, ಪಥ್ಯ ಮಾಡಿಸಿರಲಿಲ್ಲ. ನಮ್ಮಲ್ಲೂ ಇಂಥ ಬಜೆಟ್ಟು ಇದ್ದು, ಐಪಿಎಲ್ ಪಂದ್ಯದ ವಾರದಲ್ಲಿ ಹತ್ತು ವರ್ಷದ ಹುಡುಗ ತನ್ನ ಗಂಟೆಗಳನ್ನು ಉಳಿಸಿಟ್ಟುಕೊಳ್ಳಲು ಲೆಕ್ಕ ಹಾಕುತ್ತಾನೆ ಎಂದರೆ ಅರ್ಧ ಕೆಲಸ ಆದಂತೆ.

ಏನನ್ನು ನೋಡುತ್ತಾರೆ ಎಂಬುದೂ ಮುಖ್ಯ. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ 60 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ, ದೃಶ್ಯಗಳು ಸರಸರನೆ ಬದಲಾಗುವ ಕಾರ್ಟೂನನ್ನು ಒಂಬತ್ತೇ ನಿಮಿಷ ನೋಡಿದವರು ಕಾಯುವ, ಗಮನವಿಡುವ ಕೆಲಸಗಳಲ್ಲಿ ಹಿಂದೆ ಬಿದ್ದರು. ನಿಧಾನ ಗತಿಯ ಕಾರ್ಯಕ್ರಮ ನೋಡಿದವರಿಗೆ, ಚಿತ್ರ ಬರೆಯುತ್ತ ಕೂತವರಿಗೆ ಆ ತೊಂದರೆ ಆಗಲಿಲ್ಲ. ಹೊಡೆದಾಟ ನೋಡಿದರೆ ಹೊಡೆದಾಟ ಬರುತ್ತದೆ ಎಂಬುದನ್ನಂತೂ ಆಲ್ಬರ್ಟ್ ಬಂಡೂರಾ 1960ರ ದಶಕದ ಆರಂಭದಲ್ಲೇ ಗಾಳಿ ತುಂಬಿದ ಗೊಂಬೆಯೊಂದನ್ನು ಇಟ್ಟುಕೊಂಡು ತೋರಿಸಿದ್ದರು. ದೊಡ್ಡವರು ಗೊಂಬೆಗೆ ಬಡಿಯುವುದನ್ನು ಚಿತ್ರದಲ್ಲಿ ನೋಡಿದ ಮಕ್ಕಳು, ಕೋಣೆಯೊಳಗೆ ಬಿಟ್ಟಾಗ ಅದೇ ಪಟ್ಟುಗಳನ್ನು ಗೊಂಬೆಯ ಮೇಲೆ ಪ್ರಯೋಗಿಸಿದರು. ಪಕ್ಕದಲ್ಲಿ ಕೂತು ನೋಡುವ ಅಪ್ಪ, "ಅವನಿಗೆ ನಿಜವಾಗಿ ಹಾಗೆ ಬಿದ್ದರೆ ಏನಾಗುತ್ತಿತ್ತು ಹೇಳು?" ಎಂದು ಒಂದು ಪ್ರಶ್ನೆ ಕೇಳಿದರೂ ಮಗು ಯೋಚಿಸುತ್ತದೆ.

ಮತ್ತೆ ಆ ಬಟ್ಟಲಿನ ಹತ್ತಿರ ಬರೋಣ. ಟೀವಿ ಆರಿಸಿದರೆ ಮಗು ಉಣ್ಣುವುದಿಲ್ಲ ಎಂಬ ಭಯ ಸುಳ್ಳಲ್ಲ. ಮೊದಲ ಮೂರ್ನಾಲ್ಕು ದಿನ ಕಡಿಮೆಯೇ ಉಣ್ಣಬಹುದು. ಆದರೆ ಹೊಟ್ಟೆ ತುಂಬಿತು ಎಂದು ಒಳಗಿನಿಂದ ಬರುವ ಸೂಚನೆಯನ್ನು ಗುರುತಿಸಲು ಮಗುವಿನ ಗಮನ ಬಟ್ಟಲ ಮೇಲಿರಬೇಕು. ಎಲ್ಲರೂ ನೆಲಕ್ಕೆ ಕೂತು, ಮಗುವಿಗೂ ಒಂದು ಪುಟ್ಟ ತಟ್ಟೆ ಇಟ್ಟು, ಚೆಲ್ಲಿದರೆ ಚೆಲ್ಲಲಿ ಎಂದು ಬಿಡಬೇಕು. ಅಡುಗೆಯ ಆ ಅರ್ಧ ಗಂಟೆಗೂ ಉಪಾಯವಿದೆ. ಅವರೆಕಾಯಿಯ ಕಾಲದಲ್ಲಿ ಒಂದು ಮೊರ ಕಾಯಿಯನ್ನು ಮಗುವಿನ ಮುಂದೆ ಸುರಿದು ನೋಡಿ. ಸಿಪ್ಪೆ ಬಿಡಿಸುತ್ತದೆ, ಒಳಗೆ ಹುಳ ಸಿಕ್ಕಿದರೆ ಕಿರುಚುತ್ತದೆ, ಕಾಳು ಎಣಿಸುತ್ತದೆ, ಬೆರಳು ಮೂಸಿ ಸೊಗಡು ಎನ್ನುತ್ತದೆ. ಕೆಲಸ ನಿಧಾನವಾಗುವುದು ನಿಜ. ಆದರೆ ಮಗುವಿನ ಮಾತು ಆ ಅರ್ಧ ಗಂಟೆಯೂ ನಿಲ್ಲುವುದಿಲ್ಲ.

ದೊಡ್ಡ ಮಕ್ಕಳಲ್ಲಿ ಪರದೆಯ ಗೀಳು ನಿದ್ದೆ, ಓದು, ಊಟವನ್ನೆಲ್ಲ ಕೆಡಿಸುವ ಮಟ್ಟಕ್ಕೆ ಹೋಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ನಡೆಯುತ್ತಿದೆ. ಅಲ್ಲಿಗೆ ಹೋಗಲು ಸಂಕೋಚ ಬೇಡ. ಪುಟ್ಟ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸಿ ಮಾತಾಡದಿದ್ದರೆ, ಹೆಸರು ಕರೆದರೆ ತಿರುಗಿ ನೋಡದಿದ್ದರೆ, ಟೀವಿ ಬಿಡಿಸಿದರೆ ಸರಿಹೋಗುತ್ತದೆ ಎಂದು ಕಾಯುತ್ತ ಕೂರಬೇಡಿ. ಟೀವಿಯನ್ನೂ ಆರಿಸಿ, ಮಕ್ಕಳ ವೈದ್ಯರಿಗೂ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಇದಕ್ಕೆಂದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.